ಬೀಗವಿಲ್ಲದ ಸೆರೆಮನೆ: ಗೆಲ್ಡರ್ಸ್‌ನ ದಪ್ಪ ಡ್ಯೂಕ್‌ನ ಕಥೆ ಎಷ್ಟು ನಿಜ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ನಡೆದ ತರಬೇತಿ ಶಿಬಿರದಲ್ಲಿ ಒಂದು ಕಥೆ ಹೇಳಿದರು. 14ನೇ ಶತಮಾನದ ಬೆಲ್ಜಿಯಂನಲ್ಲಿ ರೈನಾಲ್ಡ್ ಎಂಬ ವಿಪರೀತ ದಪ್ಪಗಿನ ಡ್ಯೂಕ್ ಇದ್ದನಂತೆ. ತಮ್ಮ ಎಡ್ವರ್ಡ್ ಅವನನ್ನು ಹಿಡಿದು, ಅವನ ಸುತ್ತಲೂ ಒಂದು ಕೋಣೆ ಕಟ್ಟಿಸಿ, ಸಾಮಾನ್ಯ ಅಳತೆಯ ಬಾಗಿಲು ಕಿಟಕಿ ಇಡಿಸಿದನಂತೆ. ಯಾವುದಕ್ಕೂ ಬೀಗವಿಲ್ಲ. ಸಣ್ಣಗಾಗಿ ಹೊರಗೆ ಬಂದರೆ ರಾಜ್ಯ ವಾಪಸ್. ಆದರೆ ತಮ್ಮ ದಿನವೂ ಬಗೆಬಗೆಯ ತಿಂಡಿ ಕಳಿಸುತ್ತಿದ್ದ, ಅಣ್ಣ ತಿನ್ನುತ್ತಲೇ ಇದ್ದ, ಹತ್ತು ವರ್ಷ ಅಲ್ಲೇ ಉಳಿದ, ಬಿಡುಗಡೆಯಾದ ವರ್ಷದೊಳಗೆ ಸತ್ತ. ಈಗ ಇದೇ ಕಥೆ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ಇಂಥ ಡ್ಯೂಕ್ ನಿಜವಾಗಿಯೂ ಇದ್ದನೇ? ಇದರಲ್ಲಿ ಎಷ್ಟು ನಂಬಬಹುದು?

ಉತ್ತರ: ಡ್ಯೂಕ್ ಇದ್ದ. ತಮ್ಮನೂ ಇದ್ದ. ಹತ್ತು ವರ್ಷದ ಸೆರೆಯೂ ನಿಜ. ‘ದಪ್ಪನೆಯವ’ ಎಂಬ ಅಡ್ಡಹೆಸರೂ ಇತಿಹಾಸದ ಪುಸ್ತಕಗಳಲ್ಲಿ ಅವನಿಗೆ ಅಂಟಿಕೊಂಡೇ ಇದೆ. ಬೀಗವಿಲ್ಲದ ಬಾಗಿಲು ಮಾತ್ರ ಕಥೆ. ಆ ಬಾಗಿಲಿನ ಹಿಂದೆ ಇದ್ದ ಸಂಗತಿ ಕಥೆಗಿಂತ ದೊಡ್ಡದು, ಸ್ವಲ್ಪ ಗೋಜಲಿನದು. ಆದ್ದರಿಂದ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಊರು ಸರಿಮಾಡಿಕೊಳ್ಳೋಣ. ಅದು ಬೆಲ್ಜಿಯಂ ಅಲ್ಲ. ರೈನಾಲ್ಡ್ ಆಳಿದ್ದು ಗೆಲ್ಡರ್ಸ್ ಎಂಬ ಸಂಸ್ಥಾನವನ್ನು. ರೈನ್, ವಾಲ್, ಮಾಸ್, ಐಸೆಲ್ ಈ ನಾಲ್ಕು ನದಿಗಳ ನಡುವೆ ಹರಡಿಕೊಂಡಿದ್ದ ಅದರ ಬಹುಭಾಗ ಇಂದು ನೆದರ್‌ಲ್ಯಾಂಡ್ಸ್‌ನ ಗೆಲ್ಡರ್‌ಲ್ಯಾಂಡ್ ಪ್ರಾಂತ್ಯ. ಸಂಸ್ಥಾನಕ್ಕೆ ಹೆಸರು ಕೊಟ್ಟ ಗೆಲ್ಡರ್ನ್ ಪಟ್ಟಣ ಗಡಿಯಾಚೆ ಜರ್ಮನಿಯಲ್ಲಿ ಉಳಿದುಕೊಂಡಿದೆ. ನೈಮೇಖೆನ್, ಆರ್ನೆಮ್, ಜುಟ್ಫೆನ್, ರೂರ್ಮೊಂಡ್ ಎಂಬ ನಾಲ್ಕು ಪಟ್ಟಣಗಳು ಅದರ ನಾಲ್ಕು ಭಾಗಗಳಿಗೆ ತಲೆಯಂತಿದ್ದವು. ದೋಣಿಗಳ ಮೇಲೆ ವಸೂಲಾಗುತ್ತಿದ್ದ ನದಿ ಸುಂಕವೇ ದೊರೆಯ ಖಜಾನೆಗೆ ಜೀವಾಳ. ಪವಿತ್ರ ರೋಮನ್ ಸಾಮ್ರಾಜ್ಯದ ಲೆಕ್ಕದಲ್ಲಿ ಇದೊಂದು ಮಧ್ಯಮ ದರ್ಜೆಯ ಸಂಸ್ಥಾನ. ಅಕ್ಕಪಕ್ಕದ ಬ್ರಬಾಂಟ್, ಹಾಲೆಂಡ್‌ಗಳ ಎದುರು ನಿಂತರೆ ಒಂದು ಕೈ ಕಡಿಮೆಯೇ. 1339ರವರೆಗೆ ಇಲ್ಲಿನ ದೊರೆ ಬರೀ ಕೌಂಟ್. ಆ ವರ್ಷ ಚಕ್ರವರ್ತಿ ನಾಲ್ಕನೇ ಲೂಯಿ ಅವನನ್ನು ಡ್ಯೂಕ್ ಪದವಿಗೆ ಏರಿಸಿದ. ಹಾಗೆ ಏರಿದವನು ಎರಡನೇ ರೈನಾಲ್ಡ್, ನಮ್ಮ ದಪ್ಪ ಡ್ಯೂಕ್‌ನ ತಂದೆ. ನಮ್ಮವನು ಮೂರನೆಯ ರೈನಾಲ್ಡ್. ಅಂದರೆ ಮಗನಿಗೆ ಸಿಕ್ಕಿದ ಪದವಿ ಆಗಿನ್ನೂ ನಾಲ್ಕು ವರ್ಷ ಹಳೆಯದು.

ಆದರೆ ಮನೆಯ ಜಗಳ ಹಳೆಯದು. ಅದಕ್ಕೆ ಎರಡು ತಲೆಮಾರು ಹಿಂದಕ್ಕೆ ಹೋಗಬೇಕು.

ಅಜ್ಜ ಒಂದನೇ ರೈನಾಲ್ಡ್ ಲಿಂಬರ್ಗ್ ಸಂಸ್ಥಾನದ ವಾರಸುದಾರಳನ್ನು ಮದುವೆಯಾಗಿದ್ದ. ಆಕೆ ಮಕ್ಕಳಿಲ್ಲದೆ ತೀರಿಕೊಂಡಳು. ಹೆಂಡತಿಯ ತವರಿನ ನೆಲವನ್ನು ಬಿಟ್ಟುಕೊಡಲು ಅಜ್ಜನಿಗೆ ಮನಸ್ಸಿಲ್ಲ. ಆಕೆಯ ದಾಯಾದಿಯೊಬ್ಬ ತನ್ನ ಹಕ್ಕನ್ನು ಬ್ರಬಾಂಟ್‌ನ ಡ್ಯೂಕ್‌ಗೆ ಮಾರಿಬಿಟ್ಟ. ವ್ಯಾಜ್ಯ 1288ರ ಜೂನ್ 5ರಂದು ಕೊಲೋನ್ ಹತ್ತಿರದ ವೊರಿಂಗೆನ್ ಬಯಲಿನಲ್ಲಿ ತೀರ್ಮಾನವಾಯಿತು. ಅಜ್ಜ ಸೋತ, ಸೆರೆ ಸಿಕ್ಕ, ಲಿಂಬರ್ಗ್ ಹೋಯಿತು, ಸಾಲ ಉಳಿಯಿತು. ಸಾಲ ಎಷ್ಟಿತ್ತೆಂದರೆ, ಕೆಲವು ವರ್ಷ ಗೆಲ್ಡರ್ಸ್‌ನ ಆದಾಯವನ್ನೇ ಎರಡನೇ ಹೆಂಡತಿಯ ತಂದೆಯಾದ ಫ್ಲಾಂಡರ್ಸ್‌ನ ಕೌಂಟ್‌ನ ಕೈಗೆ ಒಪ್ಪಿಸಬೇಕಾಯಿತು. ಈ ಅಜ್ಜನಿಗೆ ವಯಸ್ಸಾದಾಗ ಮಗ ಎರಡನೇ ರೈನಾಲ್ಡ್ ‘ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ’ ಎಂದು ಆಡಳಿತ ಕಿತ್ತುಕೊಂಡು, 1320ರ ಹೊತ್ತಿಗೆ ಅವನನ್ನು ಮಾಂಟ್‌ಫೋರ್ಟ್ ಕೋಟೆಯಲ್ಲಿ ಕೂಡಿಹಾಕಿದ. ಮುದುಕ 1326ರಲ್ಲಿ ಸತ್ತದ್ದು ಸೆರೆಯಲ್ಲೇ.

ತರಬೇತಿ ಶಿಬಿರದಲ್ಲಿ ಎಡ್ವರ್ಡ್‌ನನ್ನು ವಿಚಿತ್ರ ಶಿಕ್ಷೆ ಕಂಡುಹಿಡಿದ ಜಾಣನಂತೆ ತೋರಿಸುತ್ತಾರೆ. ಅವನು ಏನನ್ನೂ ಕಂಡುಹಿಡಿಯಲಿಲ್ಲ. ರಕ್ತಸಂಬಂಧಿಯನ್ನು ಕೊಲ್ಲದೆ, ಕೋಟೆಯೊಂದರಲ್ಲಿಟ್ಟು, ಅವನ ಹೆಸರಿನಲ್ಲೋ ಅವನ ಬದಲಿಗೋ ಆಳುವುದು ಆ ಮನೆಯ ರೂಢಿ. ಅಪ್ಪ ಅಜ್ಜನಿಗೆ ಮಾಡಿದ್ದನ್ನೇ ತಮ್ಮ ಅಣ್ಣನಿಗೆ ಮಾಡಿದ.

ಇನ್ನು ಅಪ್ಪನ ಮದುವೆಗಳು. ಮುಂದಿನ ಪಾಲಿನ ಜಗಳದ ಬೇರೆಲ್ಲ ಇಲ್ಲಿದೆ. ಎರಡನೇ ರೈನಾಲ್ಡ್‌ನ ಮೊದಲ ಹೆಂಡತಿ ಮೆಖೆಲೆನ್ ಒಡೆಯರ ಮನೆತನದ ಸೋಫಿಯಾ. ಫ್ರ್ವಾಸಾರ್ ಎಂಬ ಆ ಶತಮಾನದ ಹೆಸರಾಂತ ಫ್ರೆಂಚ್ ಬಖೈರುಕಾರ ಈ ಮದುವೆಯ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ: ಸಾಲದಲ್ಲಿ ಮುಳುಗಿದ್ದ ಗೆಲ್ಡರ್ಸ್ ಮನೆಯವರು ಶ್ರೀಮಂತನಾದ ಮೆಖೆಲೆನ್ ಒಡೆಯನ ಬಳಿ ಹೋದರು, ಅವನು ಸಾಲ ತೀರಿಸಲು ಒಪ್ಪಿದ, ಬದಲಿಗೆ ತನ್ನ ಮಗಳನ್ನು ಮದುವೆಯಾಗಬೇಕು, ಅವಳ ಹೊಟ್ಟೆಯಲ್ಲಿ ಹುಟ್ಟಿದವರಿಗೇ ರಾಜ್ಯ ಸೇರಬೇಕು ಎಂದು ಕರಾರು ಹಾಕಿದ. ಫ್ರ್ವಾಸಾರ್ ಹೆಸರುಗಳಲ್ಲಿ ಎಡವುವವನು, ಅವನನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಆ ಕಾಲದ ಜನ ಈ ವಾರಸಿನ ಗಂಟನ್ನು ಎಲ್ಲಿಂದ ಬಿಡಿಸಲು ಹೊರಟಿದ್ದರು ಎನ್ನುವುದು ಇದರಿಂದ ಗೊತ್ತಾಗುತ್ತದೆ. ಬೆಡಗಿನ ಪ್ರೇಮ, ದ್ವೇಷಗಳಿಂದಲ್ಲ, ಸಾಲದ ಪತ್ರದಿಂದ.

ಸೋಫಿಯಾಳಿಗೆ ಹೆಣ್ಣುಮಕ್ಕಳೇ ಉಳಿದರು. ಅವರಲ್ಲಿ ಮೂವರ ಹೆಸರು ನೆನಪಿಟ್ಟುಕೊಳ್ಳಿ: ಮಟಿಲ್ಡಾ, ಎಲಿಸಬೆತ್, ಮಾರಿಯಾ. 1329ರಲ್ಲಿ ಸೋಫಿಯಾ ತೀರಿಕೊಂಡಳು. ಮೂರು ವರ್ಷದ ನಂತರ, 1332ರಲ್ಲಿ, ನೈಮೇಖೆನ್‌ನಲ್ಲಿ ರೈನಾಲ್ಡ್ ಎರಡನೇ ಮದುವೆಯಾದ. ಈ ಸಲದ ಸಂಬಂಧ ಭಾರಿಯದು. ಹುಡುಗಿ ಎಲೆನರ್, ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡ್‌ನ ಮಗಳು, ಆಗ ಸಿಂಹಾಸನದಲ್ಲಿದ್ದ ಮೂರನೇ ಎಡ್ವರ್ಡ್‌ನ ತಂಗಿ. ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. 1333ರ ಮೇ ತಿಂಗಳಲ್ಲಿ ಮೊದಲ ಮಗ ಹುಟ್ಟಿದ, ಅಪ್ಪನ ಹೆಸರನ್ನೇ ಇಟ್ಟರು. 1336ರ ಮಾರ್ಚ್‌ನಲ್ಲಿ ಎರಡನೆಯವನು, ತಾಯಿಯ ತವರಿನ ಹೆಸರು ಎಡ್ವರ್ಡ್. ಗಂಡುಮಕ್ಕಳು ಬಂದ ಮೇಲೆ ಹಿಂದಿನ ಹೆಂಡತಿಯ ಹೆಣ್ಣುಮಕ್ಕಳ ಮಾತು ತಾನಾಗಿಯೇ ಹಿಂದೆ ಸರಿಯಿತು. ಸರಿಯಿತೇ ಹೊರತು ಅಳಿಯಲಿಲ್ಲ.

ಎಲೆನರ್ ಬಗ್ಗೆ ಒಂದು ಐತಿಹ್ಯವಿದೆ, ಬಿಟ್ಟುಹೋಗಲು ಮನಸ್ಸಾಗುತ್ತಿಲ್ಲ. ಗಂಡ ಅವಳಿಗೆ ಕುಷ್ಠ ಎಂದು ಹೇಳಿ ದೂರ ಇಟ್ಟನಂತೆ. ಅವಳು ಒಂದು ದಿನ ಇಬ್ಬರು ಹುಡುಗರ ಕೈ ಹಿಡಿದುಕೊಂಡು ನೈಮೇಖೆನ್ ಕೋಟೆಯ ತುಂಬಿದ ಸಭೆಗೆ ಬಂದು, ಮೇಲುಹೊದಿಕೆಯನ್ನು ಸರಿಸಿ, ತೆಳು ವಸ್ತ್ರದಲ್ಲಿ ನಿಂತು, ‘ನೋಡಿ, ಎಲ್ಲಿದೆ ಕುಷ್ಠ’ ಎಂದು ಕೇಳಿದಳಂತೆ. ಈ ವಂಶ ನಿಂತುಹೋಗುವ ದಿನ ನೀವೆಲ್ಲ ಪಶ್ಚಾತ್ತಾಪ ಪಡುತ್ತೀರಿ ಎಂದೂ ಹೇಳಿದಳಂತೆ. ಮುಂದೆ ವಂಶ ನಿಂತುಹೋದದ್ದನ್ನು ನೋಡಿದವರು ಆಮೇಲೆ ಕಟ್ಟಿದ ಭವಿಷ್ಯವಾಣಿ ಇದು ಎಂದು ನನ್ನ ಅಭಿಪ್ರಾಯ. ಈ ಮನೆತನದ ಸುತ್ತ ಇಂಥ ಕಥೆಗಳು ಹುತ್ತದ ಹಾಗೆ ಬೆಳೆದಿವೆ. ದಪ್ಪ ಡ್ಯೂಕ್‌ನ ಬಾಗಿಲೂ ಅದೇ ಹುತ್ತದ ಮಣ್ಣು.

1343ರ ಅಕ್ಟೋಬರ್‌ನಲ್ಲಿ ಅಪ್ಪ ಆರ್ನೆಮ್‌ನಲ್ಲಿ ತೀರಿಕೊಂಡ. ಹೊಸ ಡ್ಯೂಕ್‌ಗೆ ಹತ್ತು ವರ್ಷ, ತಮ್ಮನಿಗೆ ಏಳು. ತಾಯಿ ಎಲೆನರ್ ಮಗನ ಪರವಾಗಿ ಆಡಳಿತ ಹಿಡಿದಳು, ಬಹಳ ದಿನ ಹಿಡಿದಿರಲು ಆಗಲಿಲ್ಲ. ಆಮೇಲೆ ಮಗನ ಜೊತೆಗೂ ಅವಳಿಗೆ ಕೂಡಿಬರಲಿಲ್ಲ. 1355ರಲ್ಲಿ ಡೆವೆಂಟರ್‌ನಲ್ಲಿ ಅವಳು ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ, ಆದರೂ ಇಂಗ್ಲೆಂಡಿನ ದೊರೆಯಾಗಿದ್ದ ಅಣ್ಣನಿಗೆ ಕೈಚಾಚಲಿಲ್ಲ ಎಂಬ ಮಾತಿದೆ. ಹುಡುಗ ಡ್ಯೂಕ್‌ಗೆ 1347ರಲ್ಲೇ ಮದುವೆ ಮಾಡಿದ್ದರು. ಅವನಿಗೆ ಹದಿನಾಲ್ಕು. ಹುಡುಗಿ ಬ್ರಬಾಂಟ್ ಡ್ಯೂಕ್‌ನ ಮಗಳು ಮಾರಿಯಾ, ಅವನಿಗಿಂತ ಎಂಟು ವರ್ಷ ದೊಡ್ಡವಳು. (ಹೌದು, ಅವನ ಅಕ್ಕನ ಹೆಸರೂ ಮಾರಿಯಾ. ಮಧ್ಯಯುಗದ ಯೂರೋಪಿನಲ್ಲಿ ಹೆಸರುಗಳಿಗೆ ಬರಗಾಲ. ಇನ್ನು ಮುಂದೆ ಹೆಂಡತಿಯನ್ನು ಬ್ರಬಾಂಟ್‌ನ ಮಾರಿಯಾ ಎನ್ನುತ್ತೇನೆ.) ಅವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಈ ಒಂದು ವಾಕ್ಯ ಮುಂದಿನ ಎಲ್ಲದರ ಹಿಂದೆಯೂ ನಿಂತಿದೆ.

ಈಗ ಜಗಳ. ವಾಟ್ಸಾಪ್ ಕಥೆಯಲ್ಲಿ ‘ಒಮ್ಮೆ ಜೋರು ಜಗಳವಾಗಿ ತಮ್ಮ ದಂಗೆ ಎದ್ದ’ ಎಂದಷ್ಟೇ ಇರುತ್ತದೆ. ಅಲ್ಲಿ ಎಲ್ಲವೂ ಇಬ್ಬರ ಸ್ವಭಾವದ ಮಾತು: ಅಣ್ಣ ಹೊಟ್ಟೆಬಾಕ, ತಮ್ಮ ಜಾಣ. ವಾಸ್ತವದಲ್ಲಿ ಜಗಳ ಶುರುವಾದಾಗ, 1350ರಲ್ಲಿ, ಅಣ್ಣನಿಗೆ ಹದಿನೇಳು, ತಮ್ಮನಿಗೆ ಹದಿನಾಲ್ಕು. ಹದಿನಾಲ್ಕರ ಹುಡುಗ ತಾನಾಗಿ ಯುದ್ಧ ಹೂಡುವುದಿಲ್ಲ, ಅವನನ್ನು ಮುಂದಿಟ್ಟುಕೊಂಡು ಹೂಡುತ್ತಾರೆ. ಗೆಲ್ಡರ್ಸ್‌ನಲ್ಲಿ ಹೇಕೆರೆನ್ ಮತ್ತು ಬ್ರಾಂಕ್‌ಹಾರ್ಸ್ಟ್ ಎಂಬ ಎರಡು ಪಾಳೆಯಗಾರ ಮನೆತನಗಳಿದ್ದವು. ಇಬ್ಬರಿಗೂ ಕೋಟೆಗಳು, ಆಳುಕಾಳು, ಬೀಗಸ್ತನದ ಬಲೆ. ಒಬ್ಬರು ಡ್ಯೂಕ್‌ನ ಕಿವಿಗೆ ಹತ್ತಿರವಾದರೆ ಇನ್ನೊಬ್ಬರು ತಮ್ಮನ ಬೆನ್ನಿಗೆ ನಿಂತರು. ಹೇಕೆರೆನ್ ಕಡೆಯವರು ರೈನಾಲ್ಡ್‌ನ ಪಕ್ಷ, ಬ್ರಾಂಕ್‌ಹಾರ್ಸ್ಟ್ ಕಡೆಯವರು ಎಡ್ವರ್ಡ್‌ನ ಪಕ್ಷ. ಸುತ್ತಲಿನ ಸಣ್ಣಪುಟ್ಟ ಗೌಡಿಕೆಗಳೂ ಪಟ್ಟಣಗಳೂ ಒಂದಲ್ಲ ಒಂದು ಕಡೆ ಸೇರಿಕೊಂಡವು. ನಮ್ಮ ಹಳ್ಳಿಗಳಲ್ಲಿ ಎರಡು ಪಾರ್ಟಿ ಎಂದರೆ ಏನು ಅರ್ಥವೋ ಅದೇ, ಕತ್ತಿ ಬಿಲ್ಲುಗಳ ಜೊತೆಗೆ. ಅದಕ್ಕೆ ಸರಿಯಾಗಿ ಆ ಹೊತ್ತಿಗೆ ಮಹಾಮಾರಿ ಪ್ಲೇಗ್ ಯೂರೋಪನ್ನು ಗುಡಿಸಿ ಹಾಕಿತ್ತು. ಜನ ಕಡಿಮೆ, ಕಂದಾಯ ಕಡಿಮೆ, ಹಂಚಿಕೊಳ್ಳಲು ಇದ್ದದ್ದೂ ಕಡಿಮೆ.

ತಮ್ಮನ ಬೇಡಿಕೆ ಏನು? ಪಾಲು. ಡ್ಯೂಕ್ ಪದವಿಯನ್ನು ಒಡೆಯುವ ಹಾಗಿಲ್ಲ, ಅದು ಚಕ್ರವರ್ತಿ ಕೊಟ್ಟ ಜಹಗೀರು, ಹಿರಿಯನಿಗೆ ಹೋಗುವುದು. ಆದರೆ ಕೋಟೆ, ಸುಂಕದಕಟ್ಟೆ, ಹಳ್ಳಿಗಳ ಆದಾಯ ಇವನ್ನು ಕಿರಿಯನಿಗೆ ಬಿಟ್ಟುಕೊಡಬಹುದು, ಬಿಟ್ಟುಕೊಡುವುದು ವಾಡಿಕೆಯೂ ಹೌದು. ಎಷ್ಟು ಎನ್ನುವುದೇ ತಕರಾರು. ಅಣ್ಣನ ಕಷ್ಟವೆಂದರೆ, ಕೊಡಬಹುದಾದದ್ದರಲ್ಲಿ ಎಷ್ಟೋ ಆಗಲೇ ಅಡವಿಗೆ ಹೋಗಿತ್ತು, ಯುದ್ಧ ನಡೆಸಲು ಇನ್ನಷ್ಟು ಅಡವಿಡಬೇಕಿತ್ತು. ಅತ್ತ 1355ರಲ್ಲಿ ಬ್ರಬಾಂಟ್‌ನ ಮಾವ ಗಂಡುಮಕ್ಕಳಿಲ್ಲದೆ ಸತ್ತ. ಅಲ್ಲಿ ಹಿರಿಯ ಮಗಳು ಜೊವಾನಾ ಮತ್ತು ಅವಳ ಗಂಡ ವೆನ್ಸೆಸ್ಲಾಸ್ ಪಟ್ಟಕ್ಕೆ ಬಂದರು. ಉಳಿದ ಇಬ್ಬರು ಅಳಿಯಂದಿರು ತಮ್ಮ ಹೆಂಡಂದಿರ ಪಾಲು ಕೇಳಿದರು. ಫ್ಲಾಂಡರ್ಸ್‌ನ ಅಳಿಯ ಸೇನೆ ತಂದು ಕೇಳಿದ, ತೆಗೆದುಕೊಂಡ. ನಮ್ಮ ರೈನಾಲ್ಡ್‌ನ ಕಡೆಗೆ ಬಂದದ್ದು ಟರ್ನ್‌ಹೌಟ್ ಎಂಬ ಪಟ್ಟಣ ಮತ್ತು ಸುತ್ತಲಿನ ನೆಲ, ಅದೂ ಹೆಂಡತಿಯ ಹೆಸರಿಗೆ. ಒಂದು ಕಡೆ ತಮ್ಮನಿಗೆ ಪಾಲು ಕೊಡಲಾರದವನು, ಇನ್ನೊಂದು ಕಡೆ ಷಡ್ಡಕನ ಹತ್ತಿರ ಪಾಲು ಕೇಳುವವನು. ಅವನ ಇಡೀ ಯೌವನ ಹೀಗೇ ಕಳೆಯಿತು.

ಹನ್ನೊಂದು ವರ್ಷ ಈ ಕಾದಾಟ ಕುಂಟುತ್ತಾ ನಡೆಯಿತು. ಒಪ್ಪಂದ, ಒಪ್ಪಂದ ಮುರಿಯುವುದು, ಊರು ಸುಡುವುದು, ಮತ್ತೆ ಒಪ್ಪಂದ. ವಿವರ ಹೇಳಿ ನಿಮ್ಮನ್ನು ದಣಿಸುವುದಿಲ್ಲ. 1361ರ ಮೇ 25ರಂದು ವಾಲ್ ನದಿಯ ದಡದ ಟೀಲ್ ಪಟ್ಟಣದ ಬಳಿ ಅಣ್ಣ ತಮ್ಮನ ಕೈಗೆ ಸಿಕ್ಕಿಬಿದ್ದ. ಅವನಿಗೆ ಆಗ ತಾನೇ ಇಪ್ಪತ್ತೆಂಟು ತುಂಬಿತ್ತು. ಎಡ್ವರ್ಡ್‌ಗೆ ಇಪ್ಪತ್ತೈದು. ಸಂಸ್ಥಾನದ ಶ್ರೀಮಂತರೂ ಪಟ್ಟಣಗಳೂ ಎಡ್ವರ್ಡ್‌ನನ್ನು ಡ್ಯೂಕ್ ಎಂದು ಒಪ್ಪಿಕೊಂಡವು. ರೈನಾಲ್ಡ್‌ನನ್ನು ಮೊದಲು ಆರ್ನೆಮ್ ಹತ್ತಿರದ ರೋಸೆಂಡಾಲ್ ಕೋಟೆಯಲ್ಲಿ, ಆಮೇಲೆ ಐಸೆಲ್ ನದಿಯ ಪಕ್ಕದ ನೈಯೆನ್‌ಬೇಕ್‌ನಲ್ಲಿ ಇಟ್ಟರು.

ಈಗ ಬಾಗಿಲಿನ ಪ್ರಶ್ನೆಗೆ ಬರೋಣ. ರೋಸೆಂಡಾಲ್‌ನ ದುಂಡು ಗೋಪುರ ಇಂದಿಗೂ ನಿಂತಿದೆ. ಅದರ ಗೋಡೆಯ ದಪ್ಪ ಸುಮಾರು ನಾಲ್ಕು ಮೀಟರ್. ಒಂದು ಸಲ ಅಳೆದು ನೋಡಿ: ನಿಮ್ಮ ಮನೆಯ ನಡುಮನೆಯ ಉದ್ದ ಇದ್ದೀತು. ಅಂದರೆ ಅಲ್ಲಿ ಒಂದು ಕಿಟಕಿಯೆಂದರೆ ಗೋಡೆಯಲ್ಲಿ ತೆರೆದ ಸಣ್ಣ ಓಣಿ. ನೈಯೆನ್‌ಬೇಕ್ ಒಂದು ಎತ್ತರದ ಒಂಟಿ ಗೋಪುರ. ನದಿಗೂ ಏರಿಗೂ ನಡುವಿನ ತಗ್ಗಿನಲ್ಲಿದೆ. ಚಳಿಗಾಲದಲ್ಲಿ ಐಸೆಲ್ ಉಕ್ಕಿದರೆ ನೀರು ಆ ತಗ್ಗಿಗೆಲ್ಲ ಹರಡುತ್ತದೆ. ನದಿಯ ಸಂಚಾರವನ್ನು ಕಾಯಲು ಕಟ್ಟಿದ ಕಾವಲುಗೋಪುರದಂಥ ಕಟ್ಟಡ ಅದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿದ್ದ ಪೆಟ್ಟಿಗೆ ಈಗ ಪಾಳು. ಇಂಥ ಜಾಗವೂ ಕಾವಲಿನ ಆಳುಗಳೂ ಕೈಯಲ್ಲಿದ್ದವನಿಗೆ ಅಣ್ಣನನ್ನು ಹಿಡಿದಿಡಲು ಹೋಳಿಗೆಯ ಸಹಾಯ ಬೇಕಿರಲಿಲ್ಲ.

ಹಾಗಾದರೆ ಕಥೆ ಎಲ್ಲಿಂದ ಬಂತು? ಅಡ್ಡಹೆಸರಿನಿಂದ. ಡಚ್ಚರು ಅವನನ್ನು ‘ದಪ್ಪನೆಯವ’ ಎಂದರು, ಲ್ಯಾಟಿನ್‌ನಲ್ಲಿ ಅದೇ ‘ಕ್ರಾಸಸ್’ ಆಯಿತು. ಆ ಸೀಮೆಯ ಐತಿಹ್ಯದಲ್ಲಿ ಮಾತು ಇಷ್ಟೇ: ಸೆರೆಯಲ್ಲಿ ಕೂತು ಕೂತು ಅವನು ಎಷ್ಟು ಊದಿಕೊಂಡನೆಂದರೆ ಬಾಗಿಲು ತೆರೆದಿಟ್ಟರೂ ಹೊರಗೆ ಬರಲಾರದಂತಾದ, ಬಿಡುಗಡೆಯ ದಿನ ಗೋಡೆ ಒಡೆಯಬೇಕಾಯಿತು. ನಾಡಿನ ಜನ ಆಡಿಕೊಂಡ ಈ ಉತ್ಪ್ರೇಕ್ಷೆಗೆ 20ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ರಾಜರ ಬಗ್ಗೆ ಬಂದ ಒಂದು ಜನಪ್ರಿಯ ಪುಸ್ತಕ ಹೊಸ ರೂಪ ಕೊಟ್ಟಿತು. ಸುತ್ತಲೂ ಕಟ್ಟಿದ ಕೋಣೆ, ತಟ್ಟೆತಟ್ಟೆ ತಿಂಡಿ, ‘ನನ್ನ ಅಣ್ಣ ಸೆರೆಯಾಳಲ್ಲ, ಮನಸ್ಸಾದಾಗ ಹೊರಗೆ ಬರಬಹುದು’ ಎಂಬ ಎಡ್ವರ್ಡ್‌ನ ಮಾತು ಎಲ್ಲವೂ ಆ ರೂಪದ ಜೊತೆ ಓಡಾಡುತ್ತವೆ. ಅಲ್ಲಿಂದ ಅದು ಅಮೆರಿಕದ ಚರ್ಚುಗಳ ಉಪದೇಶಕ್ಕೆ ಹೋಯಿತು, ಉಪದೇಶದಿಂದ ವ್ಯಕ್ತಿತ್ವ ವಿಕಸನಕ್ಕೆ, ಅಲ್ಲಿಂದ ನಿಮ್ಮ ಮೊಬೈಲಿಗೆ. ಬರುವ ದಾರಿಯಲ್ಲಿ ದೇಶವೂ ಬದಲಾಯಿತು.

ಕಥೆಯ ಒಳಗೇ ಒಂದು ತೂತಿದೆ, ಗಮನಿಸಿ. ತಿಂಡಿ ನಿಲ್ಲಿಸಿ ಹೊರಗೆ ಬಂದರೆ ರಾಜ್ಯ ವಾಪಸ್ ಎಂದು ಎಡ್ವರ್ಡ್ ಮಾತು ಕೊಟ್ಟನಂತೆ. ಹನ್ನೊಂದು ವರ್ಷ ಕಾದಾಡಿ ಗೆದ್ದವನು ಅಣ್ಣನ ಪಥ್ಯದ ಮೇಲೆ ರಾಜ್ಯವನ್ನು ಪಣವಿಡುತ್ತಾನೆಯೇ? ಅವನು ಪಣವಿಡಲು ಸಿದ್ಧನಾದರೂ ಬ್ರಾಂಕ್‌ಹಾರ್ಸ್ಟ್‌ನವರು ಬಿಡುತ್ತಿದ್ದರೇ? ಅಣ್ಣ ಮರಳಿದರೆ ಹೇಕೆರೆನ್‌ನವರೂ ಮರಳುತ್ತಾರೆ, ಕಿತ್ತುಕೊಂಡ ಜಮೀನು ಕೇಳುತ್ತಾರೆ. ಆ ಬಾಗಿಲಿಗೆ ಬೀಗ ಹಾಕಿದ್ದವನು ಎಡ್ವರ್ಡ್ ಒಬ್ಬನೇ ಅಲ್ಲ. ಅರ್ಧ ಗೆಲ್ಡರ್ಸ್ ಅದಕ್ಕೆ ಒರಗಿಕೊಂಡು ನಿಂತಿತ್ತು. ರೈನಾಲ್ಡ್‌ನ ಸೊಂಟದ ಸುತ್ತಳತೆ ಎಷ್ಟೇ ಇರಲಿ, ಅವನು ಹೊರಗೆ ಬರುವ ಹಾಗಿರಲಿಲ್ಲ. ನನಗೆ ಈ ನೀತಿಕಥೆಯ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಹತ್ತು ವರ್ಷ ಕೂಡಿಹಾಕಿಸಿಕೊಂಡವನನ್ನು ಅದು ತನ್ನ ಸೆರೆಗೆ ತಾನೇ ಹೊಣೆ ಎನ್ನುತ್ತದೆ, ಕೂಡಿಹಾಕಿದವನನ್ನು ಚಮತ್ಕಾರಿಯೆಂದು ಮೆಚ್ಚುತ್ತದೆ.

ಕೊಲ್ಲಲಿಲ್ಲ ಏಕೆ ಎಂದು ನೀವು ಕೇಳಬಹುದು. ಅಣ್ಣನಿಗೆ ಮಕ್ಕಳಿಲ್ಲ, ಸತ್ತರೆ ಪಟ್ಟ ಕಾನೂನಿನ ಪ್ರಕಾರವೇ ತಮ್ಮನಿಗೆ. ಆದರೆ ಒಡಹುಟ್ಟಿದವನ ರಕ್ತ ಕೈಗೆ ಅಂಟಿದ್ದರೆ ಅದೇ ಕಾನೂನು ತಿರುಗಿಬೀಳುತ್ತಿತ್ತು. ಚಕ್ರವರ್ತಿಗೆ ಜಹಗೀರು ಕಿತ್ತುಕೊಳ್ಳಲು ನೆಪ, ಚರ್ಚಿಗೆ ಬಹಿಷ್ಕಾರಕ್ಕೆ ನೆಪ, ಬ್ರಬಾಂಟ್‌ನ ನಾದಿನಿ ಷಡ್ಡಕರಿಗೆ ಯುದ್ಧಕ್ಕೆ ನೆಪ. ಬದುಕಿರುವ ಅಣ್ಣ ಅಷ್ಟು ಅಪಾಯವಲ್ಲ, ಸತ್ತ ಅಣ್ಣ ಹೆಚ್ಚು ಅಪಾಯ. ಹಾಗೆಂದು ನಾನು ಊಹಿಸುತ್ತೇನೆ, ಎಡ್ವರ್ಡ್ ಎಲ್ಲೂ ಕಾರಣ ಬರೆದಿಟ್ಟಿಲ್ಲ.

ಎಡ್ವರ್ಡ್ ಹತ್ತು ವರ್ಷ ಆಳಿದ, ಗಟ್ಟಿ ಕೈಯ ಆಡಳಿತಗಾರ ಎಂದೇ ಹೆಸರು. ಹಾಲೆಂಡ್ ಆಳುತ್ತಿದ್ದ ಬವೇರಿಯಾ ಮನೆತನದ ಕ್ಯಾಥರೀನ್ ಎಂಬ ಹುಡುಗಿಯ ಜೊತೆ ಸಂಬಂಧವೂ ಕುದುರಿತು. ಆದರೆ ಅವಳು ಹುಟ್ಟಿದ್ದೇ 1361ರ ಸುಮಾರಿಗೆ, ಅಣ್ಣ ಸೆರೆಯಾದ ಹೊತ್ತಿಗೆ. ಅವಳು ದೊಡ್ಡವಳಾಗುವವರೆಗೆ ಕಾಯಬೇಕಿತ್ತು. ಕಾಯುವಷ್ಟು ಆಯುಸ್ಸು ಅವನಿಗಿರಲಿಲ್ಲ.

1371ರಲ್ಲಿ ಆದದ್ದನ್ನು ಹೇಳಲು ಕನ್ನಡದಷ್ಟು ಅನುಕೂಲವಾದ ಭಾಷೆ ಕಡಿಮೆ, ಏಕೆಂದರೆ ಸಂಬಂಧಗಳಿಗೆ ನಮ್ಮಲ್ಲಿ ಒಂದೊಂದಕ್ಕೂ ಹೆಸರಿದೆ. ಎಡ್ವರ್ಡ್‌ನ ಅಕ್ಕ ಮಾರಿಯಾಳನ್ನು ಯೂಲಿಖ್ ಸಂಸ್ಥಾನದ ಡ್ಯೂಕ್ ವಿಲಿಯಂಗೆ ಕೊಟ್ಟಿದ್ದರು. ಅಂದರೆ ವಿಲಿಯಂ ಅವನ ಭಾವ. ಈ ಭಾವನ ಸೀಮೆಯಲ್ಲಿ ಬ್ರಬಾಂಟ್‌ನ ವ್ಯಾಪಾರಿಗಳ ದರೋಡೆಯಾಯಿತು. ದಾರಿಯ ಶಾಂತಿಗೆ ಹೊಣೆಯಾಗಿದ್ದ ವೆನ್ಸೆಸ್ಲಾಸ್, ಅಂದರೆ ಸೆರೆಯಲ್ಲಿದ್ದ ಅಣ್ಣನ ಷಡ್ಡಕ, ದಂಡೆತ್ತಿ ಬಂದ. ಭಾವನ ಸಹಾಯಕ್ಕೆ ಎಡ್ವರ್ಡ್ ಹೋದ. ಆಗಸ್ಟ್ 22ರಂದು ಬಾಸ್‌ವೈಲರ್ ಎಂಬ ಊರಿನ ಹೊರಗೆ ಎರಡು ಸೇನೆ ಎದುರಾದವು. ಮೊದಲು ಯೂಲಿಖ್‌ನವರು ಹಿಮ್ಮೆಟ್ಟಿದರು, ಗೆಲ್ಡರ್ಸ್‌ನ ಕುದುರೆಗಳು ಬಂದು ಎರಗಿದ ಮೇಲೆ ಆಟ ತಿರುಗಿತು. ವೆನ್ಸೆಸ್ಲಾಸ್ ಸೆರೆ ಸಿಕ್ಕ.

ಯುದ್ಧ ಗೆದ್ದಾಯಿತು. ಆಗಸ್ಟ್ ತಿಂಗಳ ಬಿಸಿಲು, ಮೈಮೇಲೆ ಮಣಭಾರದ ಉಕ್ಕು. ಎಡ್ವರ್ಡ್ ಮುಖಕ್ಕೆ ಗಾಳಿ ಬೇಕೆಂದು ಶಿರಸ್ತ್ರಾಣ ಸರಿಸಿದ. ಎಲ್ಲಿಂದಲೋ ಬಂದ ಬಾಣ ಮುಖಕ್ಕೆ ನಾಟಿತು. ಶತ್ರುವಿನ ಬಾಣವಲ್ಲ, ಅವನಿಂದ ಹೆಂಡತಿಯ ವಿಷಯದಲ್ಲಿ ಅವಮಾನಗೊಂಡಿದ್ದ ಅವನದೇ ಸರದಾರನದು ಎಂದು ಪುಕಾರು ಹುಟ್ಟಿತು. ಹುತ್ತದ ಮಾತು ಹೇಳಿದೆನಲ್ಲ. ಎರಡು ದಿನ ನರಳಿ ಆಗಸ್ಟ್ 24ರಂದು ಸತ್ತ. ಮೂವತ್ತೈದು ವರ್ಷ, ಮಕ್ಕಳಿಲ್ಲ.

ಈಗ ಗೆಲ್ಡರ್ಸ್‌ನ ಶ್ರೀಮಂತರಿಗೆ ಉಳಿದ ದಾರಿ ಒಂದೇ. ನೈಯೆನ್‌ಬೇಕ್‌ನಿಂದ ರೈನಾಲ್ಡ್‌ನನ್ನು ಹೊರತಂದರು, ಪಟ್ಟಣಗಳು ಮತ್ತೆ ಅವನಿಗೆ ನಿಷ್ಠೆಯ ಪ್ರಮಾಣ ಮಾಡಿದವು. ಅಣ್ಣನನ್ನು ಬಿಡಿಸಿದ್ದು ಉಪವಾಸವಲ್ಲ, ತಮ್ಮನ ಮುಖಕ್ಕೆ ತಗಲಿದ ಬಾಣ. ಹತ್ತು ವರ್ಷ ಗೋಪುರದಲ್ಲಿದ್ದ ಮನುಷ್ಯ ಮೂರು ತಿಂಗಳು ಚಿಲ್ಲರೆ ಡ್ಯೂಕ್ ಆಗಿದ್ದು, ಡಿಸೆಂಬರ್ 4ರಂದು ತೀರಿಕೊಂಡ. ಮೂವತ್ತೆಂಟು ವರ್ಷ. ‘ಬಿಡುಗಡೆಯಾದ ವರ್ಷದೊಳಗೆ ಸತ್ತ’ ಎಂಬ ಮಟ್ಟಿಗೆ ನಿಮ್ಮ ತರಬೇತುದಾರರು ಹೇಳಿದ್ದು ಸರಿ. 11ನೇ ಶತಮಾನದ ಕೊನೆಯಿಂದ ಗೆಲ್ಡರ್ಸ್ ಆಳಿದ್ದ ವಾಸೆನ್‌ಬರ್ಗ್ ಮನೆತನದ ಗಂಡುಸಂತತಿ ಅಲ್ಲಿಗೆ ಮುಗಿಯಿತು.

ಸೋಫಿಯಾಳ ಹೆಣ್ಣುಮಕ್ಕಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ನಲವತ್ತು ವರ್ಷ ಹಿಂದೆ ಸರಿದಿದ್ದ ಹಕ್ಕು ಈಗ ಮುಂದೆ ಬಂತು. ಹಿರಿಯಳು ಮಟಿಲ್ಡಾ. ಎರಡು ಸಲ ವಿಧವೆಯಾದವಳು, ಮಕ್ಕಳಿರಲಿಲ್ಲ. ‘ನಾನು ದೊಡ್ಡವಳು, ನನಗೆ’ ಎಂದಳು. ಕಿರಿಯಳು ಮಾರಿಯಾ, ಯೂಲಿಖ್ ಡ್ಯೂಕ್‌ನ ಹೆಂಡತಿ. ‘ನನಗೆ ಮಗನಿದ್ದಾನೆ, ಅವನಿಗೆ’ ಎಂದಳು. ಮಗ ವಿಲಿಯಂಗೆ ಏಳು ವರ್ಷ. ಹೇಕೆರೆನ್‌ನವರು ಅಕ್ಕನ ಹಿಂದೆ, ಬ್ರಾಂಕ್‌ಹಾರ್ಸ್ಟ್‌ನವರು ತಂಗಿಯ ಹಿಂದೆ. ಅದೇ ಎರಡು ಪಾರ್ಟಿ, ಮುಂದಿಟ್ಟುಕೊಂಡ ಮುಖಗಳಷ್ಟೇ ಬೇರೆ. ಬರೀ ಹೆಣ್ಣಿನ ಹಕ್ಕಿಗೆ ಸೇನೆ ಸಿಗುವುದಿಲ್ಲವೆಂದು ಮಟಿಲ್ಡಾ ನಲವತ್ತು ದಾಟಿದ ಮೇಲೆ, 1372ರಲ್ಲಿ, ಮೂರನೇ ಮದುವೆಯಾದಳು. ಗಂಡ ಬ್ಲ್ವಾ ಮನೆತನದ ಜಾನ್. ಹಾಲೆಂಡ್‌ನಲ್ಲಿ ಗೌಡಾ, ಸ್ಖೋನ್‌ಹೋವೆನ್ ಪಟ್ಟಣಗಳ ಒಡೆಯ, ದುಡ್ಡಿದ್ದವನು. ಆ ದುಡ್ಡೆಲ್ಲ ಈ ಯುದ್ಧ ನುಂಗಿತು.

ತಂಗಿಯ ಕಡೆಯವರ ಕೈಯಲ್ಲಿ ಒಂದು ಅಮೂಲ್ಯ ವಸ್ತುವಿತ್ತು: ಬಾಸ್‌ವೈಲರ್‌ನಲ್ಲಿ ಹಿಡಿದ ವೆನ್ಸೆಸ್ಲಾಸ್. ಅವನು ಯಾರು? ಚಕ್ರವರ್ತಿ ನಾಲ್ಕನೇ ಚಾರ್ಲ್ಸ್‌ನ ತಮ್ಮ, ತಂದೆಯ ಎರಡನೇ ಹೆಂಡತಿಯ ಮಗ. ಅವನನ್ನು ಬಿಡಿಸಿಕೊಳ್ಳಲು 1372ರಲ್ಲಿ ಚಕ್ರವರ್ತಿಯೇ ಬರಬೇಕಾಯಿತು. ಯೂಲಿಖ್‌ನ ಡ್ಯೂಕ್ ತಲೆಬಾಗಿ ಸೆರೆಯಾಳನ್ನು ಒಪ್ಪಿಸಿದ, ಚಕ್ರವರ್ತಿ ಗೆಲ್ಡರ್ಸ್‌ನ ಹಕ್ಕನ್ನು ಅವನ ಮಗನಿಗೆ ದಯಪಾಲಿಸಿದ. ಮೇಲುನೋಟಕ್ಕೆ ಕ್ಷಮೆ, ಲೆಕ್ಕಪತ್ರದಲ್ಲಿ ಅದಲು ಬದಲು. ಆದರೂ ನೆಲದ ಮೇಲೆ ಯುದ್ಧ ಇನ್ನೂ ಏಳು ವರ್ಷ ಎಳೆಯಿತು. 1379ರ ಮಾರ್ಚ್‌ನಲ್ಲಿ ಹೋನೆಪೆಲ್ ಬಳಿ ಮಟಿಲ್ಡಾಳ ಕಡೆಯವರು ಸೋತರು. ಅವಳು ಹಕ್ಕು ಬಿಟ್ಟುಕೊಟ್ಟು ಸುಮ್ಮನಾದಳು, 1384ರಲ್ಲಿ ತೀರಿಕೊಂಡಳು. ಗೆದ್ದ ಹುಡುಗ ವಿಲಿಯಂ ಅದೇ 1379ರಲ್ಲಿ ಕೈಹಿಡಿದದ್ದು ಯಾರನ್ನು ಗೊತ್ತೇ? ಎಡ್ವರ್ಡ್‌ಗೆ ಗೊತ್ತುಮಾಡಿದ್ದ ಆ ಬವೇರಿಯಾದ ಕ್ಯಾಥರೀನ್‌ಳನ್ನು. ಸಂಸ್ಥಾನದ ಜೊತೆಗೆ ಸೋದರಮಾವನ ಸಂಬಂಧವೂ ಬಂತು.

ಮನೆಯ ರೂಢಿ ಮಾತ್ರ ವಂಶ ಬದಲಾದರೂ ಬದಲಾಗಲಿಲ್ಲ. ನೂರು ವರ್ಷ ಕಳೆಯುವ ಮೊದಲೇ, 1465ರಲ್ಲಿ, ಗೆಲ್ಡರ್ಸ್‌ನ ಇನ್ನೊಬ್ಬ ಡ್ಯೂಕ್ ಆರ್ನಾಲ್ಡ್‌ನನ್ನು ಅವನ ಮಗ ಅಡಾಲ್ಫ್ ಹಿಡಿದು ಕೋಟೆಯಲ್ಲಿಟ್ಟ. ಬರ್ಗಂಡಿಯ ಡ್ಯೂಕ್ ಮಧ್ಯಸ್ಥಿಕೆ ಮಾಡಿ ರಾಜಿಗೆ ಕರೆದಾಗ ಆ ಮಗ ಆಡಿದ ಮಾತನ್ನು ಆ ಆಸ್ಥಾನದಲ್ಲಿದ್ದ ಕೊಮಿನ್ ಎಂಬ ಬರಹಗಾರ ದಾಖಲಿಸಿದ್ದಾನೆ: ಇದಕ್ಕೆ ಒಪ್ಪುವುದಕ್ಕಿಂತ ಅಪ್ಪನನ್ನು ಬಾವಿಗೆ ತಲೆಕೆಳಗಾಗಿ ನೂಕಿ ನಾನೂ ಹಿಂದೆಯೇ ಹಾರುವುದು ಮೇಲು, ಅವನು ನಲವತ್ತನಾಲ್ಕು ವರ್ಷ ಡ್ಯೂಕ್ ಆಗಿದ್ದಾನೆ, ಇನ್ನು ನನ್ನ ಸರದಿ. ತರಬೇತಿ ಶಿಬಿರದವರಿಗೆ ಕಥೆ ಬೇಕಿದ್ದರೆ ಇದು ಎಷ್ಟೋ ವಾಸಿ, ಕಡೆಯ ಪಕ್ಷ ಕೇಳಿದವನು ಬರೆದದ್ದು.

ನೀವು ಈ ಕಥೆಯನ್ನು ಎಲ್ಲಾದರೂ ಹೇಳಲೇಬೇಕಾದರೆ ಬೆಲ್ಜಿಯಂ ತೆಗೆದು ಗೆಲ್ಡರ್ಸ್ ಹಾಕಿ, ಬಾಗಿಲಿಗೆ ಬೀಗ ಹಾಕಿ, ತಿಂಡಿಯ ತಟ್ಟೆಯ ಜಾಗದಲ್ಲಿ ಅಡವುಪತ್ರ ಇಡಿ. ಹೆಂಡತಿಯನ್ನೂ ಮರೆಯಬೇಡಿ. ಕಥೆಯಲ್ಲಿ ಅವಳ ಸುಳಿವೇ ಇಲ್ಲ. ಬ್ರಬಾಂಟ್‌ನ ಮಾರಿಯಾ ತವರಿನಿಂದ ಬಂದ ಟರ್ನ್‌ಹೌಟ್‌ನ ಒಡತಿಯಾಗಿ 1399ರವರೆಗೆ ಬದುಕಿದ್ದಳು. ಪಾಲಿನ ಜಗಳಗಳೆಲ್ಲ ಮುಗಿದ ಮೇಲೆ ರೈನಾಲ್ಡ್‌ನ ಮನೆಗೆ ಸೇರಿದ ಯಾರಾದರೂ ನೆಮ್ಮದಿಯಾಗಿ ಅನುಭವಿಸಿದ ಆಸ್ತಿ ಅದೊಂದೇ ಇರಬೇಕು.

ಅಣ್ಣ ತಮ್ಮ ಇಬ್ಬರನ್ನೂ ಮಣ್ಣು ಮಾಡಿದ್ದು ಒಂದೇ ಕಡೆ, ಈಗಿನ ಜರ್ಮನಿಯ ಗೋಖ್ ಪಟ್ಟಣದ ಬಳಿಯ ಗ್ರೇಫೆಂಥಾಲ್ ಎಂಬ ಸನ್ಯಾಸಿನಿಯರ ಮಠದಲ್ಲಿ. ಅವರ ಮುತ್ತಜ್ಜ 1248ರಲ್ಲಿ ಕಟ್ಟಿಸಿದ ಮಠ ಅದು. ಸೋಫಿಯಾಳ ಮೂವರು ಹೆಣ್ಣುಮಕ್ಕಳಲ್ಲಿ ನಾನು ಇಷ್ಟು ಹೊತ್ತು ಬಿಟ್ಟಿದ್ದ ಎಲಿಸಬೆತ್ ಇದ್ದದ್ದು ಅಲ್ಲಿಯೇ. ಅವಳು ಆ ಮಠದ ಮುಖ್ಯಸ್ಥೆಯಾದವಳು, ಗೆಲ್ಡರ್ಸ್‌ನಲ್ಲಿ ಪಾಲು ಕೇಳಲಿಲ್ಲ, 1376ರವರೆಗೆ ಬದುಕಿದ್ದಳು. 1371ರ ಆಗಸ್ಟ್‌ನಲ್ಲಿ ಒಬ್ಬ ತಮ್ಮನ ಹೆಣ ಬಂತು, ಡಿಸೆಂಬರ್‌ನಲ್ಲಿ ಇನ್ನೊಬ್ಬನದು.